ಸೋಲಲು ನಿಂತವಳು

ಸೋಲುವುದಕ್ಕೆಂದೇ ಚುನಾವಣೆಗೆ ನಿಂತಿದ್ದ ನೀವೆಸ್ ನಲವತ್ತೊಂದು ಮತ ಪಡೆದು ಗೆದ್ದುಬಿಟ್ಟಳು. ಎದುರಾಳಿ ಎರ್ಮೆಸನಿಗೆ ಬಿದ್ದದ್ದು ಹದಿನೇಳು. ಅದರಲ್ಲೊಂದು ಅವಳದೇ.

ಫ್ರಿಯೂಲಿಯ ಬೆಟ್ಟಗಳ ಸಂದಿಯಲ್ಲಿ ಸಿಕ್ಕಿಕೊಂಡ ಮೂರು ಕೇರಿಗಳೇ ವಾಲ್‌ಸ್ಕೂರಾ ಪಂಚಾಯಿತಿ. ಸೇತುವೆಯ ತನಕ ರಸ್ತೆ ಪ್ರಾಂತ್ಯದ್ದು, ಆಚೆಗಿನದು ಪಂಚಾಯಿತಿಯದು. ಹಿಮ ಬಿದ್ದಾಗ ಪ್ರಾಂತ್ಯದ ಹಿಮ ತಳ್ಳುವ ಯಂತ್ರ ಸೇತುವೆಗೆ ಮೂಗು ತಾಗಿಸಿ ವಾಪಸು ಹೋಗುತ್ತದೆ. ಮಿಕ್ಕಿದ್ದು ಮೇಯರನ ಹಣೆಬರಹ. ಹತ್ತು ವರ್ಷದಿಂದ ಆ ಹಣೆಬರಹ ಎರ್ಮೆಸನದಾಗಿತ್ತು.

ಅದಕ್ಕೂ ಹಿಂದೆ ಒಂದು ವರ್ಷ ಮೇಯರೇ ಇರಲಿಲ್ಲ. ಆಡಳಿತಾಧಿಕಾರಿಯೊಬ್ಬ ವಾರಕ್ಕೊಮ್ಮೆ ಬಂದು ರುಜು ಹಾಕಿ ಹೋಗುತ್ತಿದ್ದ. ಆ ಚಳಿಗಾಲ ಆಚೆಗಿನ ಹಿಮ ತೆಗೆಸುವವರಿಲ್ಲದೆ ಆಂಬುಲೆನ್ಸ್ ಸೇತುವೆಯಲ್ಲೇ ನಿಂತಿತು. ನೀವೆಸಳ ಗಂಡನನ್ನು ಅಲ್ಲಿಯ ತನಕ ಹಿಮದ ಮೇಲೆ ಎಳೆದುಕೊಂಡು ಹೋದರು, ಅವನು ಉಳಿಯಲಿಲ್ಲ.

ಅಭ್ಯರ್ಥಿ ಒಬ್ಬನೇ ಇದ್ದರೆ ಮತದಾರರ ಪಟ್ಟಿಯ ಅರ್ಧ ಜನ ಮತ ಹಾಕಲೇಬೇಕು, ಇಲ್ಲದಿದ್ದರೆ ಚುನಾವಣೆ ರದ್ದು, ಮತ್ತೆ ಆಡಳಿತಾಧಿಕಾರಿ. ಪಟ್ಟಿಯಲ್ಲಿರುವವರು ನೂರ ತೊಂಬತ್ತು ಮಂದಿ. ಆದರೆ ಬಹುಪಾಲು ಬೆಲ್ಜಿಯಂ, ಅರ್ಜೆಂಟೀನಾಗಳಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಇಬ್ಬರು ನಿಂತರೆ ಈ ಲೆಕ್ಕವಿಲ್ಲ. ಆದ್ದರಿಂದ ಪ್ರತಿಸಲವೂ ಯಾರಾದರೂ ಹೆಸರಿಗೆ ನಿಂತು, ಶಾಸ್ತ್ರಕ್ಕೆ ಸೋತು, ಎಲ್ಲರೊಂದಿಗೆ ವೈನ್ ಕುಡಿದು ಮನೆಗೆ ಹೋಗುವುದು ರೂಢಿ. ಈ ಸಲ ಎರ್ಮೆಸ್ ನೀವೆಸಳನ್ನು ಕೇಳಿದ. ಗಂಡನ ನೆನಪಾಗಿ ಅವಳು ಒಪ್ಪಿದಳು.

ಹೇಗೂ ಜುಲೈಗೆ ಅವಳು ಊರು ಬಿಡುವವಳು. ಗ್ರಾಡೊದ ಸಮುದ್ರದಂಡೆಯ ಹೋಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು, ಇರಲು ಕೋಣೆಯೂ ಇತ್ತು. ಹತ್ತು ವರ್ಷ ಆ ಸೇತುವೆಯನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಬೆಟ್ಟವೇ ಕಾಣದ ಕಡೆ ಒಮ್ಮೆ ಉಸಿರಾಡಬೇಕಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಎರ್ಮೆಸ್ ಮೇಯರು ಹೆಗಲಿಗೆ ಹಾಕಿಕೊಳ್ಳುವ ಮೂರು ಬಣ್ಣದ ಪಟ್ಟಿಯನ್ನು ಇಸ್ತ್ರಿ ಮಾಡಿಸಿ ತಂದ. ಸೋತವನ ಮುಖದಲ್ಲಿ ಮದುವೆಮನೆಯ ಕಳೆಯಿತ್ತು. ಜನಕ್ಕೆ ಏನಾಯಿತು ಎಂದು ನೀವೆಸ್ ರೇಗಿದಳು. ಅವನು ಮುಚ್ಚಿಡಲಿಲ್ಲ. ತಾನೇ ಮನೆಮನೆಗೆ ಹೋಗಿ, ಪಾಪ, ಆ ಹೆಣ್ಣಿಗೆ ಸೊನ್ನೆ ಬಿದ್ದರೆ ಊರಿಗೇ ಅವಮಾನ, ನಿಮ್ಮದೊಂದು ಮತ ಕೊಡಿ, ನಾನು ಹೇಗೂ ಗೆಲ್ಲುತ್ತೇನೆ ಎಂದು ಹೇಳಿಬಂದಿದ್ದ. ಪ್ರತಿ ಮನೆಯವರೂ ತಾವೊಬ್ಬರೇ ಪುಣ್ಯ ಕಟ್ಟಿಕೊಳ್ಳುತ್ತಿದ್ದೇವೆ ಅಂದುಕೊಂಡರು.

"ನಾಚ್ಕೆ ಆಗಲ್ವಾ ಎರ್ಮೆಸಣ್ಣ? ಈಗ್ಲೇ ರಾಜೀನಾಮೆ ಕೊಡ್ತೀನಿ."

"ಕೊಡು ಮಾರಾಯ್ತಿ. ಆಡಳಿತಾಧಿಕಾರಿ ಬರ್ತಾನೆ. ಆಮೇಲೆ ಚಳಿಗಾಲ ಬರುತ್ತೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಳುವೂ ಬಂತು.

"ನನ್ನ ಬಿಟ್ಟು ಬೇರೆ ಯಾರೂ ಸಿಗ್ಲಿಲ್ವಾ ನಿನಗೆ?"

"ಎರಡು ವರ್ಷದಿಂದ ಎಲ್ರನ್ನೂ ಕೇಳ್ದೆ, ನನ್ನ ಜಾಗಕ್ಕೆ ಬನ್ನಿ ಅಂತ. ಎಲ್ರೂ ಆಗಲ್ಲ ಅಂದ್ರು. ಸುಳ್ಳಿಗೆ ನಿಲ್ಲು ಅಂದ್ರೂ ಆಗಲ್ಲ ಅಂದ್ರು. ಆಗಲ್ಲ ಅನ್ನದೇ ಇದ್ದೋಳು ನೀನೊಬ್ಳೇ."

ಅವನು ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ನೀವೆಸ್ ಕುಳಿತಲ್ಲೇ ಮೂರು ಕೇರಿಗಳನ್ನೂ ಮನೆಮನೆಯಾಗಿ ಮನಸ್ಸಿನಲ್ಲೇ ಸುತ್ತಿದಳು, ತನ್ನಂಥವರು ಇನ್ನೊಬ್ಬರು ಸಿಗುತ್ತಾರೇನೋ ಎಂದು. ಕಡೆಯ ಮನೆ ದಾಟಿದರೂ ಸಿಗಲಿಲ್ಲ.

ಆಮೇಲೆ ಗ್ರಾಡೊಗೆ ಫೋನು ಮಾಡಿದಳು. ಹೋಟೆಲಿನಾಕೆ ಯಾವತ್ತು ಬರುತ್ತೀರಿ ಎಂದು ಸಡಗರದಿಂದ ಕೇಳಿದಳು.

"ಆಗಲ್ಲ," ಎಂದಳು ನೀವೆಸ್.