ಬೆಳ್ಳಿಗೆ ಅಂಟಿದ ಬೆಳಕು

"ಇನ್ನೊಂದು ಸಲ ತೋರಿಸಮ್ಮ," ಎಂದರು ಪ್ರೊಫೆಸರು.

ಸಂಶೋಧನಾ ವಿದ್ಯಾರ್ಥಿನಿ ಲೇಸರ್ ಹೊತ್ತಿಸಿದಳು. ಗಾಜಿನ ಚೂರಿನ ಮೇಲೆ ತೆಳು ಬೆಳ್ಳಿ, ಅದರಲ್ಲಿ ಕಣ್ಣಿಗೆ ಕಾಣದ ಗೀರುಗಳು. ಗೀರುಗಳಿಗೆ ಬಿದ್ದ ಬೆಳಕು ಅಲೆಯಾಗಿ ಬೆಳ್ಳಿಗೇ ಅಂಟಿಕೊಂಡು ಹರಿಯಿತು. ಸೂಕ್ಷ್ಮದರ್ಶಕದ ಪರದೆಯಲ್ಲಿ ಅದು ನೇರ ಹೋಗದೆ ಕುಡುಗೋಲಿನಂತೆ ಬಾಗಿತು. ಗೀರುಗಳ ಅಂತರವನ್ನು ಕೂದಲೆಳೆಗಿಂತ ಸಣ್ಣದಾಗಿ ಅತ್ತಿತ್ತ ಸರಿಸುತ್ತ ಆ ಬಾಗು ಹಿಡಿಯಲು ಅವಳಿಗೆ ಮೂರು ವರ್ಷ ಬೇಕಾಗಿತ್ತು. ಸರಿಯಾಗಿ ಬಂದದ್ದು ಈ ಒಂದೇ ಚೂರು.

"ಭಲೇ! ಸೋಮವಾರ ಸಭೇಲಿ ನಮ್ಮ ಅಳಿಯಂದಿರು ಎಲ್ಲರೆದುರೇ ಇದನ್ನ ತೋರಿಸ್ತಾರೆ."

ಈ ಪ್ರಯೋಗದ ಬಗ್ಗೆ ಬರೆದ ಲೇಖನದಲ್ಲಿ ಮೊದಲ ಹೆಸರು ಅಳಿಯನದು. ಅವಳದು ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಯಂತ್ರ ಕೊಟ್ಟವರ ನಂತರ. ಕೇಳಿದ್ದಕ್ಕೆ, "ನಿಂಗೇನಮ್ಮ ಅವಸರ? ಚಿಕ್ಕ ವಯಸ್ಸು," ಎಂದು ನಕ್ಕಿದ್ದರು. ಅಳಿಯ ಈ ಕೋಣೆಗೆ ಬಂದದ್ದು ಒಮ್ಮೆ, ಫೋಟೊ ತೆಗೆಸಿಕೊಳ್ಳಲು.

ಪ್ರೊಫೆಸರು ಚೂರನ್ನು ಡಬ್ಬಿಯಲ್ಲಿಟ್ಟು ಅಲ್ಲಾಡಿಸಿದರು. "ಲೊಟಲೊಟ ಅನ್ನತ್ತಲ್ಲ." ಕಾಗದದ ಕಟ್ಟಿನಿಂದ ಎರಡು ರಬ್ಬರ್ ಬ್ಯಾಂಡ್ ಎಳೆದು ಚೂರಿನ ಅಂಚಿಗೆ ಸುತ್ತಿ, ಮತ್ತೆ ಒಳಗಿಟ್ಟರು.

ಮೂಲೆಯಲ್ಲಿ ಪಂಪಿಗೆ ಎಣ್ಣೆ ಬಿಡುತ್ತಿದ್ದ ಮುದುಕ ಕೈ ನಿಲ್ಲಿಸಿದ. ಎಲ್ಲರಿಗೂ ಅವನು ಪಂಪಣ್ಣ. ಮೊದಲ ವರ್ಷ ಅವಳೂ ಹೀಗೇ ರಬ್ಬರ್ ಸುತ್ತಿಟ್ಟಿದ್ದಳು. ನಾಲ್ಕು ದಿನದಲ್ಲಿ ಬೆಳ್ಳಿ ಕಾಡಿಗೆಯಾಗಿತ್ತು. "ಬೆಳ್ಳಿ ಹತ್ರ ರಬ್ಬರ್ ಸುಳೀಬಾರದು ತಾಯಿ. ಅದರೊಳಗಿನ ಗಂಧಕ ತಿಂದ್ಹಾಕತ್ತೆ," ಎಂದು ಅಂದು ಹೇಳಿಕೊಟ್ಟವನು ಅವನೇ. ಪ್ರೊಫೆಸರು ಕೈಯಾರೆ ಕೆಲಸ ಮಾಡಿದ ಕಾಲದಲ್ಲಿ ಬೆಳ್ಳಿಯ ಬದಲು ಎಲ್ಲ ಚಿನ್ನ. ಚಿನ್ನ ಏನನ್ನೂ ಮೈಗೆ ಹಚ್ಚಿಕೊಳ್ಳುವುದಿಲ್ಲ.

ಇವತ್ತು ಮಂಗಳವಾರ.

"ಇನ್ನೇನಾದ್ರೂ ಹೇಳೋದಿದೆಯಾ?" ಎಂದರು ಪ್ರೊಫೆಸರು.

ಅವಳ ಮೂರು ವರ್ಷದ ದುಡಿಮೆ ಆ ಡಬ್ಬಿಯೊಳಗಿತ್ತು. ಅವಳು ಅದನ್ನೇ ನೋಡಿದಳು.

"ಸೋಮವಾರದವರೆಗೆ ಮುಚ್ಚಳ ತೆಗೀಬೇಡಿ ಸರ್. ಧೂಳು ಕೂರತ್ತೆ."

"ಜಾಣೆ," ಎಂದು ಡಬ್ಬಿಯನ್ನು ಜೇಬಿಗಿಳಿಸಿ ಅವರು ಹೊರಟರು. ಬೂಟಿನ ಸದ್ದು ಮೆಟ್ಟಿಲಿಳಿದು ಮುಗಿಯಿತು.

"ಹೇಳಲಿಲ್ವಲ್ಲ, ತಾಯಿ?"

"ನೀವೂ ಹೇಳಲಿಲ್ವಲ್ಲ, ಪಂಪಣ್ಣ."

"ನನ್ನನ್ನ ಯಾರು ಕೇಳಿದ್ರು?" ಮುದುಕ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಲೇಸರ್ ಇನ್ನೂ ಉರಿಯುತ್ತಿತ್ತು. ಚೂರಿದ್ದ ಜಾಗ ಖಾಲಿ. ಕೆಂಪು ಬೆಳಕು ಎಲ್ಲೂ ಬಾಗದೆ ನೇರ ಹೋಗಿ, ಎದುರಿನ ಬಿಳಿ ಗೋಡೆಯ ಮೇಲೆ ಒಂದು ಚುಕ್ಕೆಯಾಗಿ ನಿಂತಿತ್ತು.