ಬ್ರೈಲಾದ ತೂತು

ಕಮಲಾಪುರದಲ್ಲಿ ರಜಾಕಾರರ ಕಾಟ ಹೆಚ್ಚಾದಾಗ ನಾನೂ ನನ್ನ ಯಜಮಾನರೂ ಕಲಬುರಗಿಗೆ ಓಡಿಬಂದು, ಅವರ ಗೆಳೆಯ ಗೌಸುದ್ದೀನ್ ಮಾಸ್ತರರ ಮನೆಯಲ್ಲಿ ಅಡಗಿದೆವು. ಮಾಸ್ತರರು ಭೂಗೋಳ ಕಲಿಸುವವರು. ಸೇಡಂ ರಸ್ತೆಯ ಕಡೆಗಿದ್ದ ಒಂದೇ ಕಿಟಕಿಯನ್ನು ಯುರೋಪಿನ ಹಳೇ ನಕಾಶೆಯಿಂದ ಮುಚ್ಚಿ, ಹೊರಗೆ ನೋಡಲು ಅದರಲ್ಲೊಂದು ತೂತು ಮಾಡಿಕೊಟ್ಟರು. ತೂತು ಬಿದ್ದದ್ದು ರುಮಾನಿಯಾದ ಬ್ರೈಲಾ ಎಂಬ ಊರಿನ ಮೇಲೆ.

ಮೂರು ತಿಂಗಳು ಆ ಕೋಣೆಯಲ್ಲೇ ಕೊಳೆತೆವು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕು. ಮಾಸ್ತರರು ಮಾತ್ರ ರೊಟ್ಟಿ ತಂದಾಗಲೆಲ್ಲ ಪಾಠ ಶುರುಮಾಡುವರು: ಡ್ಯಾನ್ಯೂಬ್ ನದಿ, ಸುತ್ತಲ ಬಯಲಿನ ಗೋಧಿ, ಅದನ್ನು ತುಂಬಿಕೊಂಡು ಬ್ರೈಲಾದಿಂದ ಸಮುದ್ರಕ್ಕೆ ಹೋಗುವ ಹಡಗುಗಳು.

ಒಂದು ದಿನ ನನಗೆ ತಲೆಕೆಟ್ಟಿತು. “ಹಡಗಿನ ಸುದ್ದಿ ಸಾಕ್ರೀ ಮಾಸ್ತರ್ರ! ಕಮಲಾಪುರಕ್ಕ ಗಾಡಿ ಯಾವಾಗ ಹೊಂಡ್ತದ, ಅದನ್ನ ಹೇಳ್ರೀ” ಎಂದು ಪಿಸುದನಿಯಲ್ಲೇ ಹರಿಹಾಯ್ದೆ. ಅವರು ತಲೆ ತಗ್ಗಿಸಿ ಹೋದರು.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ನಾವು ಊರು ಸೇರಿದೆವು. ಆಮೇಲೆ ಕಿವಿಗೆ ಬಿದ್ದ ಸುದ್ದಿ ಬೇರೆಯೇ ಇತ್ತು; ಈಗ ನಮ್ಮವರೇ ಮುಸಲ್ಮಾನರ ಮನೆಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದರು. ರೊಟ್ಟಿ ಗಂಟು ಕಟ್ಟಿಕೊಂಡು ಕಲಬುರಗಿಗೆ ಹೋದೆ. ಮಾಸ್ತರರ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಕಿಟಕಿಯ ಹತ್ತಿರ ಹೋದೆ. ಸರಳುಗಳ ಹಿಂದೆ ನಕಾಶೆಯ ಬೆನ್ನು, ಬ್ರೈಲಾದ ತೂತಿನಲ್ಲಿ ಒಂದು ಕಣ್ಣು.

“ಮಾಸ್ತರ್ರ, ನಾನ್ರೀ, ಲಲಿತಾಬಾಯಿ.”

ಕಣ್ಣು ಪಿಳುಕಿತು.

“ಬೆಹೆನ್,” ಎಂದಿತು ಒಳಗಿನ ದನಿ, “ಹೈದರಾಬಾದಿಗೆ ಗಾಡಿ ಯಾವಾಗ ಹೊಂಡ್ತದ?”