ತೊಳೆದಿಟ್ಟ ಬಾಟಲಿ

ಭಾನುವಾರ ಬೆಳಗಾದರೆ ಆ ಮನೆಯ ಅಡುಗೆಕಟ್ಟೆಯ ಮೇಲೆ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿರುತ್ತಿದ್ದವು. ಲೋಟ, ತಟ್ಟೆ, ಸೌಟು, ಸಾಲಿನ ಕೊನೆಯಲ್ಲಿ ಮಗನ ನದಿಬಾಟಲಿ. ಶುಚಿಯ ವಿಷಯದಲ್ಲಿ ಅಮ್ಮ ಯಾರ ಮಾತನ್ನೂ ಕೇಳುವವಳಲ್ಲ. ಸೋಪಿಗೆ ಒಂದು ಕೂದಲು ಅಂಟಿದ್ದರೆ ಸೋಪನ್ನೇ ತೊಳೆದಿಡುವ ಹೆಂಗಸು. ಮಗ ಒದ್ದೆ ಕಾಲಿನಲ್ಲಿ ಒಳಗೆ ಬಂದರೆ ಅವನ ಹಿಂದೆಯೇ ಒರೆಸುವ ಬಟ್ಟೆಯೂ ಬರುತ್ತಿತ್ತು.

ಮಗನಿಗೆ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಫ್ರೇಮ್ ಅಂಗಡಿಯವನೆಂದು. ಬೇರೆಯವರ ಸಂತೋಷಗಳಿಗೆಲ್ಲ ಗಾಜು ಹಾಕಿ ಮೊಳೆ ಹೊಡೆಯುತ್ತ ಕೂತವನಿಗೆ, ತಾನೂ ಊರಿಗೆ ಏನಾದರೂ ಮಾಡಬೇಕೆಂದು ಒಂದು ದಿನ ಅನ್ನಿಸಿತು. ನದಿ ಕಾಯುವ ಗುಂಪಿಗೆ ಸೇರಿಕೊಂಡ. ಗುಂಪನ್ನು ನಡೆಸುತ್ತಿದ್ದವರು ನೀರಿನ ಪ್ರಯೋಗಾಲಯದಿಂದ ನಿವೃತ್ತರಾಗಿದ್ದ ಹೆಂಗಸು. ಎಲ್ಲರಿಗೂ ಅವರು ಲ್ಯಾಬ್ ಮೇಡಂ.

ಕೆಲಸ ಸುಲಭದ್ದೇ. ಶನಿವಾರ ಸಂಜೆ ಮೇಡಂ ಚೀಲದಲ್ಲಿ ಹಾಕಿಕೊಟ್ಟ ಬಾಟಲಿಯನ್ನು ತರಬೇಕು. ಭಾನುವಾರ ಮನೆಯ ಹಿಂದಿನ ಮೆಟ್ಟಿಲಿಳಿದು ಹೋಗಿ ನದಿಯ ನೀರು ತುಂಬಬೇಕು. ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಟ್ಟು ನೋಡಬೇಕು. ನೀರು ಕಪ್ಪಾದರೆ ಅದರಲ್ಲಿ ಕಕ್ಕಸಿನ ಹೊಲಸು ಸೇರಿದೆ ಎಂದರ್ಥ. ಇದನ್ನೆಲ್ಲ ಹೇಳಿಕೊಟ್ಟ ದಿನ ಅವನು ಅಂಗಡಿಯಲ್ಲಿ ಗಿರಾಕಿಯ ಕೈಗೆ ಸಿಕ್ಕಿಕೊಂಡು ತಡವಾಗಿ ಹೋಗಿದ್ದ. ಆದರೂ ಬಾಟಲಿ ತುಂಬಿಸುವುದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದ.

ಅವನ ಬಾಟಲಿ ಒಮ್ಮೆಯೂ ಕಪ್ಪಾಗಲಿಲ್ಲ. ಇದೇ ಎಲ್ಲರಿಗೂ ಒಗಟಾಗಿತ್ತು. ಮೇಲೆ ಸೇತುವೆಯ ಬಳಿ ತುಂಬಿದ ಬಾಟಲಿ ವಾರವಾರವೂ ಇದ್ದಿಲಿನಂತೆ ಕಪ್ಪಾಗುತ್ತಿತ್ತು. ಅದೇ ನೀರು ಹರಿದು ಇವನ ಮೆಟ್ಟಿಲಿಗೆ ಬರುವಷ್ಟರಲ್ಲಿ ಹೇಗೆ ಶುದ್ಧವಾಗುತ್ತದೆ? ನಡುವೆ ಜೊಂಡು ಬೆಳೆದಿದೆ, ಅದು ಸೋಸುತ್ತದೆ ಎಂದ ಒಬ್ಬ. ಮರಳಿನ ಮಹಿಮೆ ಎಂದ ಇನ್ನೊಬ್ಬ. ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ, "ಇನ್ನಷ್ಟು ದಿನ ನೋಡೋಣ" ಎನ್ನುತ್ತಿದ್ದರು. ಇವನಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಹೆಮ್ಮೆಪಡುವುದಕ್ಕೆ ಅರ್ಥವಾಗಲೇಬೇಕೆಂದೇನೂ ಇಲ್ಲವಲ್ಲ.

ಅವನಿಗಿಂತ ಹೆಚ್ಚು ಹಿಗ್ಗಿದ್ದು ತಂಗಿ. ಅವಳು ಈಜು ಕಲಿಸುವವಳು. ಊರಿನ ಈಜುಕೊಳ ಮುಚ್ಚಿಹೋದ ಮೇಲೆ ಕೆಲಸವಿಲ್ಲದೆ ಅಣ್ಣನ ಅಂಗಡಿಯಲ್ಲಿ ಗಾಜು ಒರೆಸುತ್ತ ಬಾಡಿಹೋಗಿದ್ದಳು. ಅಣ್ಣನ ಬಾಟಲಿಯನ್ನು ನಂಬಿ ಅದೇ ಮೆಟ್ಟಿಲ ಬಳಿ ಮಕ್ಕಳಿಗೆ ತರಗತಿ ಶುರುಮಾಡಿದಳು. ‘ಇಲ್ಲಿ ಈಜಬಹುದು’ ಎಂಬ ಹಲಗೆಗೆ ಅಣ್ಣನೇ ಚೆಂದದ ಕಟ್ಟು ಹಾಕಿಕೊಟ್ಟ. ತಂಗಿ ಮತ್ತೆ ನಗುತ್ತಿದ್ದಳು, ಮನೆಯಲ್ಲಿ ಎಲ್ಲರ ಮೇಲೂ ಜೋರು ಮಾಡುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಅಮ್ಮ ಮಂಡಿನೋವಿಗೆ ಔಷಧಿ ಕೊಡಿಸಿಕೊಳ್ಳಲು ಚಿಕ್ಕಮ್ಮನ ಊರಿಗೆ ಹೋದಳು. ಆ ಭಾನುವಾರ ಬಾಟಲಿಯ ಮುಚ್ಚಳ ತೆಗೆದರೆ ತಳದಲ್ಲಿ ಏನೋ ಹಳದಿ ಪುಡಿ. ಯಾರೋ ಬಳಸಿದ ಬಾಟಲಿ ಇರಬೇಕೆಂದು ಗೊಣಗಿಕೊಂಡೇ ನೀರು ತುಂಬಿಸಿದ. ಮಂಗಳವಾರ ನೋಡಿದರೆ ನೀರು ಕಪ್ಪಗಾಗಿತ್ತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ, ದೀಪ ಹಾಕಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ಎಲ್ಲಿ ಹಿಡಿದರೂ ಕಪ್ಪೇ. ನದಿ ಒಂದೇ ವಾರದಲ್ಲಿ ಕೆಟ್ಟುಹೋಯಿತೇ? ಅಥವಾ ಬಾಟಲಿಯೇ ಕೊಳಕಾಗಿತ್ತೇ? ಹೊರಗೆ ಮೆಟ್ಟಿಲ ಕಡೆಯಿಂದ ಮಕ್ಕಳ ಕೇಕೆ ಕೇಳಿಸುತ್ತಿತ್ತು. ಬಾಟಲಿಯದೇ ತಪ್ಪು ಎಂದು ತೀರ್ಮಾನಿಸಿ ಅದನ್ನು ಅಂಗಡಿಯ ಹಲಗೆಗಳ ಹಿಂದೆ ಇಟ್ಟುಬಿಟ್ಟ. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಅಮ್ಮ ಮರಳಿದ್ದಳು. ನೀರು ಮತ್ತೆ ತಿಳಿಯಾಗಿಯೇ ಉಳಿಯಿತು. ಎದೆಯ ಭಾರ ಇಳಿದು, ಬಾಟಲಿ ಹಿಡಿದು ಮೇಡಂ ಮನೆಗೆ ಹೋದವನು ಸ್ವಲ್ಪ ಜಬರ್ದಸ್ತಿನಿಂದಲೇ ಹೇಳಿದ.

"ಮೇಡಂ, ಹೋದ ಸಲ ನನಗೆ ಕೊಳಕು ಬಾಟಲಿ ಕೊಟ್ಟಿದ್ರಿ. ತಳದಲ್ಲಿ ಹಳದಿ ಪುಡಿ ಇತ್ತು. ಅದಕ್ಕೇ ನೀರು ಕಪ್ಪಾಯ್ತು. ಇನ್ಮೇಲೆ ಸ್ವಲ್ಪ ನೋಡಿ ಕೊಡಿ."

ಮೇಡಂ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಎಲ್ಲಾ ಬಾಟಲಿಯಲ್ಲೂ ಆ ಪುಡಿ ಇರುತ್ತಲ್ಲಪ್ಪ. ಪರೀಕ್ಷೆ ಮಾಡೋದೇ ಅದು. ಅದಿಲ್ಲದಿದ್ರೆ ಚರಂಡಿ ನೀರು ತುಂಬಿಟ್ರೂ ಕಪ್ಪಾಗಲ್ಲ. ನಿಮ್ಮ ಬಾಟಲಿಯಲ್ಲಿ ಇರ್ತಿರಲಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಗ ಕಣ್ಣಮುಂದೆ ಬಂದದ್ದು ಅಡುಗೆಕಟ್ಟೆ. ಲೋಟ, ತಟ್ಟೆ, ಸೌಟು, ಸಾಲಿನ ಕೊನೆಯಲ್ಲಿ ಬೋರಲು ಹಾಕಿದ ಬಾಟಲಿ. ಎಷ್ಟು ಭಾನುವಾರ ಅದನ್ನು ನೋಡಿದ್ದ, ಒಂದು ದಿನವೂ ಗಮನಿಸಿರಲಿಲ್ಲ.

"ಹೌದು, ತೊಳೀತಿದ್ದೆ" ಎಂದಳು ಅಮ್ಮ, ಮನೆಗೆ ಬಂದು ಕೇಳಿದ ಮಗನಿಗೆ, ಅದರಲ್ಲೇನು ವಿಶೇಷ ಎಂಬಂತೆ. "ತಳದಲ್ಲಿ ಏನೋ ಅಂಟ್ಕೊಂಡಿರ್ತಿತ್ತು. ಯಾರ ಮನೆ ಬಾಟಲೋ ಏನೋ. ಬಿಸಿನೀರು, ಸೋಪು ಹಾಕಿ ತಿಕ್ಕಿ ಇಡ್ತಿದ್ದೆ. ಒಳ್ಳೇದಕ್ಕೇ ಅಲ್ವಾ?"

"ಅಮ್ಮ, ಅದು ನೀರು ಪರೀಕ್ಷೆ ಮಾಡೋ ಔಷಧಿ."

ವಿಷಯ ಅರ್ಥವಾಗಲು ಅವಳಿಗೆ ಹೊತ್ತು ಹಿಡಿಯಿತು. ಅರ್ಥವಾದಾಗ ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. "ಹಾಗಾದ್ರೆ ಶುಚಿ ಮಾಡಿದ್ದೇ ತಪ್ಪಾಯ್ತಾ?" ಎಂದು ಕೇಳಿದಳು.

ಅಷ್ಟರಲ್ಲಿ ತಂಗಿ ತಲೆ ಒರೆಸಿಕೊಳ್ಳುತ್ತ ಬಂದಳು. ಅವನು ಎಲ್ಲವನ್ನೂ ಹೇಳಿದ, ಹಲಗೆಗಳ ಹಿಂದೆ ಅಡಗಿಸಿದ ಬಾಟಲಿಯನ್ನೂ ಸೇರಿಸಿ.

"ಸೇತುವೆ ಹತ್ರ ಹೊಸ ಈಜುಕೊಳ ಆಗುತ್ತಂತೆ. ಅಲ್ಲೀವರೆಗೂ ಸುಮ್ನಿದ್ರೆ ಆಗಲ್ವಾ ಅಣ್ಣ?" ಎಂದಳು ಮೊದಲು. "ಈಗ ತಾನೇ ಮಕ್ಕಳಿಗೆ ನೀರಿನ ಭಯ ಹೋಗಿದೆ. ನಾನು ಮತ್ತೆ ಗಾಜು ಒರೆಸ್ತಾ ಕೂತ್ಕೊಳ್ಳೋದಾ?"

ಅವಳು ಟವೆಲನ್ನು ಮಡಿಚಿದಳು, ಬಿಚ್ಚಿದಳು, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು. "ಇಬ್ಬರು ತಾಯಂದಿರು ಬಂದಿದ್ರು. ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ ಅಂತ. ನಾನು ಏನಂದೆ ಗೊತ್ತಾ? ಬೇರೇನೋ ತಿಂದಿರಬೇಕು ನೋಡಿ, ನದಿ ನೀರನ್ನ ನಮ್ಮಣ್ಣನೇ ಪರೀಕ್ಷೆ ಮಾಡ್ತಾನೆ, ಅಂದೆ."

ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಯಾರ ತಪ್ಪಿಗೆ ಎನ್ನುವುದು ಮಾತ್ರ ಗೊಂದಲವಾಗಿಯೇ ಉಳಿಯಿತು.

"ಅದು ಯಾರ ಗಲೀಜು?" ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಮೇಲಿನವರದ್ದು. ಸೇತುವೆ ಕಡೆಯವರದ್ದು."

"ನಮ್ಮದು ಎಲ್ಲಿಗೆ ಹೋಗುತ್ತೆ?"

ಮನೆ ಕಟ್ಟಿಸಿದವನು ಅಪ್ಪ. ಪೈಪು ಹಾಕಿಸಿದವನೂ ಅಪ್ಪನೇ. ಅವನು ತೀರಿಕೊಂಡ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನೀರು ಹಾಕಿದರೆ ಹೋಗುತ್ತದೆ, ಎಲ್ಲಿಗೋ ಹೋಗುತ್ತದೆ. "ಬೀದಿಯ ದೊಡ್ಡ ಪೈಪಿಗೆ ಸೇರುತ್ತೆ ಅಂತ ಕಾಣುತ್ತೆ" ಎಂದ ಮಗ. ವಾರವಾರ ನದಿ ಕಾಯಲು ಹೋಗುತ್ತಿದ್ದವನಿಗೆ ತನ್ನ ಮನೆಯ ಕಕ್ಕಸಿನ ದಾರಿ ಗೊತ್ತಿರಲಿಲ್ಲ.

ಅಮ್ಮ ಎದ್ದು ಬಚ್ಚಲಿಗೆ ಹೋದಳು. ಬಿಳಿ ಬಟ್ಟೆಗೆ ಹಾಕುವ ನೀಲಿಯ ಸೀಸೆ ತಂದಳು. ಹೊಸ ಸೀಸೆ, ಇನ್ನೂ ಮುಚ್ಚಳ ತೆಗೆದಿರಲಿಲ್ಲ. "ಇದನ್ನ ಕಕ್ಕಸಿಗೆ ಸುರೀತೀನಿ, ನೀವಿಬ್ಬರೂ ಮೆಟ್ಟಿಲ ಹತ್ರ ನಿಂತ್ಕೊಳ್ಳಿ" ಎಂದಳು.

ಅಣ್ಣತಂಗಿ ಕೆಳಗಿಳಿದು ನಿಂತರು. ಒಳಗೆ ಕಕ್ಕಸಿಗೆ ನೀರು ಬಿಟ್ಟ ಸದ್ದು ಕೇಳಿಸಿತು. ಕೊಂಚ ಹೊತ್ತು ಏನೂ ಆಗಲಿಲ್ಲ. ಅವನ ಮುಖದಲ್ಲಿ ಇನ್ನೇನು ನಗು ಬರುವುದರಲ್ಲಿತ್ತು. ತಂಗಿ ಅವನ ತೋಳು ಹಿಡಿದು ಬಗ್ಗಿ ತೋರಿಸಿದಳು. ಕೊನೆಯ ಮೆಟ್ಟಿಲ ಪಕ್ಕದಲ್ಲಿ, ಕಲ್ಲಿನ ಸಂದಿಯಿಂದ, ನೀಲಿ ಬಣ್ಣ ನಿಧಾನವಾಗಿ ನೀರಿಗೆ ಇಳಿಯುತ್ತಿತ್ತು. ಮಕ್ಕಳು ಕಾಲು ಬಿಟ್ಟು ಕೂರುವ ಜಾಗ ಅದು.

ಅಮ್ಮ ಮೇಲಿನ ಮೆಟ್ಟಿಲಿನಿಂದಲೇ ಕೇಳಿದಳು, "ಬಂತಾ?"

"ಬಂತು" ಎಂದ.

ಅವಳು ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದು ಕಣ್ಣಾರೆ ನೋಡಿದಳು. ಸೋಪನ್ನೇ ತೊಳೆದಿಡುತ್ತಿದ್ದವಳು ಆ ನೀಲಿ ಕರಗಿ ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.

ತಂಗಿ ಹಲಗೆಯನ್ನು ಕಿತ್ತು ತಂದು ಅಣ್ಣನ ಕೈಗೆ ಕೊಟ್ಟಳು. ‘ಈಜಬಹುದು’ ಎಂಬುದನ್ನು ಅವನು ‘ಈಜಬಾರದು’ ಎಂದು ತಿದ್ದಿ, ಕಟ್ಟು ಬಿಚ್ಚದೆ ಮತ್ತೆ ನೆಟ್ಟ. ಆಮೇಲೆ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದ. ಪೈಪು ಬದಲಿಸುವವನಿಗೂ ಫೋನು ಮಾಡಿದ. ತಂಗಿ ಆ ಮಕ್ಕಳ ತಾಯಂದಿರ ಮನೆಗಳಿಗೆ ಹೊರಟಳು. ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೇ ಹೇಳಬೇಕು ಎಂದಳು.

ಅವನು ಮೆಟ್ಟಿಲು ಹತ್ತಿ ಬಂದಾಗ ಅಮ್ಮ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ಅವಳ ದನಿ ಕೇಳಿಸಿತು.

"ಏನಕ್ಕಾ, ನೀಲಿ ಸೀಸೆ ಹಿಡ್ಕೊಂಡು ಬಂದಿದ್ದೀರಿ?" ಎಂದು ಪಕ್ಕದವಳು ಕೇಳುತ್ತಿದ್ದಳು. "ಒಗೆಯೋದು ಏನಾದ್ರೂ ಇತ್ತಾ?"

"ಇದೆ" ಎಂದಳು ಅಮ್ಮ. "ನಮ್ಮ ಮನೇದು ನೋಡಿ ಆಯ್ತು, ಹೊಲಸು ನದಿಗೇ ಹೋಗ್ತಿದೆ. ನಿಮ್ಮ ಕಕ್ಕಸಿಗೂ ಒಂದು ಮುಚ್ಚಳ ನೀಲಿ ಹಾಕಿ ನೋಡೋಣ ಬಾರಮ್ಮ. ನನ್ನ ಮಗ ಮೆಟ್ಟಿಲ ಹತ್ರ ನಿಂತಿರ್ತಾನೆ."

ಅವನು ಒಳಗೆ ಹೋಗಲಿಲ್ಲ. ಮತ್ತೆ ಮೆಟ್ಟಿಲಿಳಿದು ಹೋಗಿ ನಿಂತ.